ಕಾರ್ಡಿದ್ದವರಿಗೆ ಮಾತ್ರ ಬಾಗಿಲು: ಸದಸ್ಯತ್ವದ ಸಗಟು ಮಳಿಗೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮ್ಮದೊಂದು ಕಿರಾಣಿ ಅಂಗಡಿ. ಮೂವತ್ತೆರಡು ವರ್ಷ ಗಲ್ಲಾದ ಮೇಲೆ ನಾನು ಕುಳಿತಿದ್ದೆ, ಈಗ ಮಗ ಕೂರುತ್ತಾನೆ. ಮಗಳ ಸಂಸಾರ ಅಮೆರಿಕದ ಡಲ್ಲಾಸ್ ಬಳಿ, ತಂಗಿಯ ಮಗ ಜಪಾನಿನ ನಗೋಯಾದಲ್ಲಿ. ಎರಡೂ ಕಡೆ ಹೋಗಿ ಬಂದಿದ್ದೇನೆ. ಬೇರೆಯವರು ಜಲಪಾತ, ವಸ್ತು ಸಂಗ್ರಹಾಲಯ ನೋಡಿದರೆ ನಾನು ಅಂಗಡಿ ನೋಡಿದೆ, ಅದರಲ್ಲೂ ವರ್ಷದ ಶುಲ್ಕ ಕಟ್ಟಿ ಕಾರ್ಡು ಮಾಡಿಸಿದವರಿಗೆ ಮಾತ್ರ ಮಾರುವ ಕಾಸ್ಟ್‌ಕೋದಂಥ ದೊಡ್ಡ ಸಗಟು ಮಳಿಗೆಗಳನ್ನು. ಹುಟ್ಟುಗುಣ.

ಬಂದ ಮೇಲೆ ಕೇಳುವವರು ಶುರುವಾದರು. ಮಕ್ಕಳ ಮನೆಗೆ ಆರು ತಿಂಗಳಿಗೆ ಹೊರಟ ಸಿಂಧನೂರು, ಗಂಗಾವತಿ, ಸಿರುಗುಪ್ಪದ ತಂದೆತಾಯಂದಿರು, ಓದಲು ಹೊರಟ ಬಳ್ಳಾರಿಯ ಹುಡುಗರು, ಕೊಪ್ಪಳದ ಕಿರಾಣಿ ವ್ಯಾಪಾರಿಗಳು. ಮದುವೆಯ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಹೊರಡುವ ಮುನ್ನ

ಅಂಗಡಿಯೊಳಗೆ ಕಾಲಿಡುವುದಕ್ಕೂ ರೊಕ್ಕ ಕೊಡಬೇಕೆ? ಇದೆಂಥ ವ್ಯಾಪಾರ, ಶೆಟ್ಟರೇ?

ನಾನೂ ಮಗಳಿಗೆ ಇದನ್ನೇ ಕೇಳಿದ್ದೆ. ನಮ್ಮಲ್ಲಿ ಗಿರಾಕಿ ಮೆಟ್ಟಿಲು ಹತ್ತಿದರೆ ಕೂರಲು ಸ್ಟೂಲು ಕೊಡುತ್ತೇವೆ, ಅಲ್ಲಿನ ಕಾಸ್ಟ್‌ಕೋದಲ್ಲಿ ವರ್ಷಕ್ಕೆ 65 ಡಾಲರ್ ಮೊದಲೇ ಎಣಿಸಿಕೊಳ್ಳುತ್ತಾರೆ.

ಇದರ ಮೂಲ 1976ರಲ್ಲಿದೆ. ಸೋಲ್ ಪ್ರೈಸ್ ಎಂಬ ವ್ಯಾಪಾರಿ ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ, ಹಿಂದೆ ವಿಮಾನ ನಿಲ್ಲಿಸುತ್ತಿದ್ದ ಒಂದು ಕಟ್ಟಡದಲ್ಲಿ ಪ್ರೈಸ್ ಕ್ಲಬ್ ತೆರೆದ. ಮೊದಲಿಗೆ ಅದು ನನ್ನಂಥ ಸಣ್ಣ ವ್ಯಾಪಾರಿಗಳಿಗೆ ಮಾತ್ರ. ಕಾಸ್ಟ್‌ಕೋ 1983ರಲ್ಲಿ ಸಿಯಾಟಲ್‌ನಲ್ಲಿ ಶುರುವಾಯಿತು, 1993ರಲ್ಲಿ ಎರಡೂ ಒಂದಾದವು.

ಗುಟ್ಟು ಇರುವುದು ಲಾಭ ಬರುವ ದಾರಿಯಲ್ಲಿ. ಕಾಸ್ಟ್‌ಕೋ ತಾನು ಕೊಂಡ ಬೆಲೆಯ ಮೇಲೆ ಸುಮಾರು ಸೇಕಡಾ 14ಕ್ಕಿಂತ, ತನ್ನದೇ ಹೆಸರಿನ ಸರಕಾದರೆ 15ಕ್ಕಿಂತ ಹೆಚ್ಚು ಏರಿಸುವುದಿಲ್ಲ ಎಂಬ ನಿಯಮ ಇಟ್ಟುಕೊಂಡಿದೆ. ಅಕ್ಕಿ ಮಾರುವ ನಮಗೆ ಅದೇ ದೊಡ್ಡದೆನಿಸಬಹುದು. ಆದರೆ ಅಲ್ಲಿನ ಸಂಬಳ, ಕರೆಂಟು, ಕಟ್ಟಡ ಎಲ್ಲವೂ ಅದರಲ್ಲೇ ಮುಗಿಯಬೇಕು. ಮುಗಿದ ಮೇಲೆ ಉಳಿಯುವುದು ಅಲ್ಪ. 2024ರ ಹಣಕಾಸು ವರ್ಷದಲ್ಲಿ ಆ ಕಂಪನಿಯ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್, ಬರೀ ಸದಸ್ಯತ್ವದ ಶುಲ್ಕದಿಂದ ಬಂದದ್ದು ಸುಮಾರು 483 ಕೋಟಿ ಡಾಲರ್. ಅಂದರೆ ಅವರು ಅಕ್ಕಿ, ಎಣ್ಣೆ ಮಾರಿ ಅಂಗಡಿಯ ಖರ್ಚು ತೆಗೆಯುತ್ತಾರೆ, ಕಾರ್ಡು ಮಾರಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಗಿರಾಕಿ ಮುಂದಿನ ವರ್ಷವೂ ಕಾರ್ಡು ಮಾಡಿಸಬೇಕು ಎಂದೇ ದರವನ್ನು ಇಳಿಸಿ ಇಡುತ್ತಾರೆ.

ಕಾಸ್ಟ್‌ಕೋ, ಸ್ಯಾಮ್ಸ್ ಕ್ಲಬ್ ಎರಡೂ ಒಂದೇಯೋ, ಬೇರೆ ಬೇರೆಯೋ?

ಬೇರೆ ಬೇರೆ. ಸ್ಯಾಮ್ಸ್ ಕ್ಲಬ್ ಅಮೆರಿಕದ ದೊಡ್ಡ ಚಿಲ್ಲರೆ ಕಂಪನಿ ವಾಲ್‌ಮಾರ್ಟಿನದು, ಅದೂ 1983ರದ್ದೇ. ಅದರ ಸಾಮಾನ್ಯ ಕಾರ್ಡಿನ ಶುಲ್ಕ ಅಮೆರಿಕದಲ್ಲಿ 2022ರಲ್ಲಿ 50 ಡಾಲರ್ ಆಗಿತ್ತು. ಬಿಜೆಸ್ ಎಂಬ ಮೂರನೆಯದು ಹೆಚ್ಚಾಗಿ ಪೂರ್ವ ತೀರದ ಕಡೆ ಇದೆ. ಒಂದರ ಕಾರ್ಡು ಇನ್ನೊಂದರಲ್ಲಿ ನಡೆಯುವುದಿಲ್ಲ. ಮಗನ ಮನೆಗೆ ಯಾವುದು ಹತ್ತಿರವೋ ಅದೇ ಒಳ್ಳೆಯದು ಎನ್ನುವುದು ನನ್ನ ಉತ್ತರ.

ಮಗಳ ಕಾರ್ಡು ಹಿಡಿದು ನಾನೊಬ್ಬನೇ ಹೋಗಿ ತರಬಹುದೆ?

ಆಗದು. ಕಾರ್ಡಿನಲ್ಲಿ ಅವಳ ಫೋಟೊ ಇರುತ್ತದೆ. ಅಮೆರಿಕದ ಕಾಸ್ಟ್‌ಕೋಗಳಲ್ಲಿ 2024ರಿಂದ ಬಾಗಿಲಲ್ಲೇ ಕಾರ್ಡನ್ನು ಯಂತ್ರಕ್ಕೆ ತೋರಿಸಿ ಒಳಗೆ ಹೋಗಬೇಕು. ಅವಳ ಜೊತೆ ಅತಿಥಿಯಾಗಿ ಹೋಗಲು ಅಡ್ಡಿಯಿಲ್ಲ, ಒಬ್ಬ ಸದಸ್ಯರು ಇಬ್ಬರನ್ನು ಕರೆದೊಯ್ಯಬಹುದು. ಹಣ ಕಟ್ಟುವುದು ಮಾತ್ರ ಸದಸ್ಯರೇ.

ಎರಡು ದಾರಿಗಳಿವೆ. ಒಂದು ಸದಸ್ಯತ್ವಕ್ಕೆ ಅದೇ ವಿಳಾಸದಲ್ಲಿ ಇರುವ ಇನ್ನೊಬ್ಬರ ಹೆಸರಿನಲ್ಲಿ ಎರಡನೆಯ ಕಾರ್ಡು ಉಚಿತ. ಅದು ಸಾಮಾನ್ಯವಾಗಿ ಅಳಿಯನ ಕಿಸೆಯಲ್ಲಿರುತ್ತದೆ, ಅದಕ್ಕೆ ಕೈ ಹಾಕುವುದು ಬೀಗತನಕ್ಕೆ ಒಳ್ಳೆಯದಲ್ಲ. ಇನ್ನೊಂದು, ಸದಸ್ಯರು ಮುಂಗಡ ಹಣ ತುಂಬಿಸಿ ಕೊಡುವ ಶಾಪ್ ಕಾರ್ಡ್. ಅದು ಕೈಯಲ್ಲಿದ್ದರೆ ಸದಸ್ಯರಲ್ಲದವರೂ ಒಳಗೆ ಹೋಗಿ ಖರೀದಿಸಬಹುದು. ಹಗಲು ಹೊತ್ತು ಮನೆಯಲ್ಲಿ ಕುಳಿತು ಬೇಸರ ಬಂದ ಹಿರಿಯರಿಗೆ ಇದನ್ನೇ ಹೇಳುತ್ತೇನೆ.

ಪೌಂಡು, ಔನ್ಸು, ಗ್ಯಾಲನ್ ತಲೆಗೆ ಹತ್ತುವುದಿಲ್ಲ. ಅಗ್ಗವೋ ತುಟ್ಟಿಯೋ ಎಂದು ತಿಳಿಯುವುದು ಹೇಗೆ?

ಮೂರು ಲೆಕ್ಕ ಬಾಯಿಪಾಠ ಮಾಡಿಕೊಂಡರೆ ಸಾಕು. ಒಂದು ಪೌಂಡ್ ಎಂದರೆ 454 ಗ್ರಾಂ, ಹದಿನಾರು ಔನ್ಸಿಗೆ ಒಂದು ಪೌಂಡು, ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. 20 ಪೌಂಡಿನ ಅಕ್ಕಿ ಚೀಲವನ್ನು ನೋಡಿ ನಮ್ಮ 25 ಕಿಲೋ ಚೀಲ ಎಂದುಕೊಳ್ಳಬೇಡಿ, ಅದು 9 ಕಿಲೋ ಅಷ್ಟೇ.

ದರದ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಇಡೀ ಪೊಟ್ಟಣದ ಬೆಲೆ. ಅದೇ ಚೀಟಿಯ ಮೂಲೆಯಲ್ಲಿ ಸಣ್ಣದಾಗಿ ಒಂದು ಪೌಂಡಿಗೆ ಅಥವಾ ಒಂದು ಔನ್ಸಿಗೆ ಎಷ್ಟು ಎಂದು ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನು ಓದಿ, ಬೇರೆ ಅಂಗಡಿಯ ಅಂಥದೇ ಸಣ್ಣ ಅಕ್ಷರದ ಜೊತೆ ಹೋಲಿಸಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದು ಸುಳ್ಳು. ಸಾಮಾನ್ಯ ಅಂಗಡಿಯಲ್ಲಿ ರಿಯಾಯಿತಿ ಹಾಕಿದ ವಾರ ಅಲ್ಲಿನ ದರವೇ ಇಳಿದಿರುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಅಮೆರಿಕದಲ್ಲಿ ಚೀಟಿಯ ದರಕ್ಕೆ ತೆರಿಗೆ ಸೇರಿಲ್ಲ. ಡಲ್ಲಾಸ್‌ನಲ್ಲಿ ಅಕ್ಕಿ, ಹಾಲು, ತರಕಾರಿಗೆ ಮಾರಾಟ ತೆರಿಗೆ ಇಲ್ಲ, ಸೋಪು, ಕಾಗದ, ಪಾತ್ರೆಗೆ ಸೇಕಡಾ 8.25 ಬೀಳುತ್ತದೆ. ರಸೀದಿ ನೋಡಿ ‘ಮೋಸ’ ಎಂದು ನಾನೊಮ್ಮೆ ಕೂಗಿಕೊಂಡಿದ್ದೇನೆ. ನೀವು ಕೂಗಬೇಡಿ.

## ಒಳಗೆ ಹೋದ ಮೇಲೆ

ಎಲ್ಲಿ ಏನಿದೆ ಎಂದು ಬೋರ್ಡೇ ಇಲ್ಲವಂತೆ, ಹುಡುಕುವುದು ಹೇಗೆ?

ಹುಡುಕಲಿ ಎಂದೇ ಬೋರ್ಡು ಹಾಕಿಲ್ಲ. ಒಂದು ಕಾಸ್ಟ್‌ಕೋ ಸರಾಸರಿ 1,47,000 ಚದರ ಅಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂರು ಎಕರೆ ಹದಿನೈದು ಗುಂಟೆ, ಮೇಲೆ ತಗಡಿನ ಚಾವಣಿ, ಕೆಳಗೆ ಕಾಂಕ್ರೀಟು. ಗಂಜ್‌ನ ಗೋದಾಮಿನಲ್ಲಿ ಚೀಲದ ಥಪ್ಪಿ ಹಚ್ಚಿದ ಹಾಗೆ ಕಬ್ಬಿಣದ ಚೌಕಟ್ಟುಗಳಲ್ಲಿ ಮಾಳಿಗೆಯವರೆಗೆ ಸರಕು. ಹಮಾಲರಿಲ್ಲ, ಲಾರಿಯಿಂದ ಇಳಿದ ಮರದ ಹಲಗೆಯ ಸಮೇತ ಯಂತ್ರದಲ್ಲಿ ಎತ್ತಿ ಇಡುತ್ತಾರೆ. ಒಂದೊಂದಾಗಿ ಜೋಡಿಸುವ ಕೂಲಿ ಉಳಿಯಿತು.

ಇಷ್ಟು ದೊಡ್ಡ ಜಾಗದಲ್ಲಿ ಇರುವುದು ಸುಮಾರು ನಾಲ್ಕು ಸಾವಿರ ಬಗೆಯ ಸಾಮಾನು ಮಾತ್ರ. ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲಿ ಇದರ ಹತ್ತು ಪಟ್ಟೂ ಇರಬಹುದು. ಟೂತ್‌ಪೇಸ್ಟ್ ಎಂದರೆ ಎರಡೋ ಮೂರೋ ಬಗೆ. ಬಗೆ ಕಡಿಮೆಯಾದರೆ ಒಂದೊಂದರ ಖರೀದಿ ದೊಡ್ಡದಾಗುತ್ತದೆ, ಕಂಪನಿಯ ಜೊತೆ ದರ ಎಳೆದಾಡಲು ಬಲ ಬರುತ್ತದೆ. ನಿತ್ಯದ ಹಾಲು, ಮೊಟ್ಟೆ, ಮಾಂಸ ಯಾವಾಗಲೂ ಹಿಂದಿನ ಗೋಡೆಯ ಕಡೆ ಇರುತ್ತವೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಟಿವಿ, ಚಾದರ, ಉಂಗುರ. ಹಾಲು ತರಲು ಹೋದ ನನ್ನ ಅಳಿಯ ಒಮ್ಮೆ ತೋಟದ ಕುರ್ಚಿಗಳೊಂದಿಗೆ ಮರಳಿದ. ಹಾಲು ಮರೆತಿದ್ದ.

ನಮ್ಮ ಅಡುಗೆಗೆ ಬೇಕಾದದ್ದು ಅಲ್ಲಿ ಸಿಗುತ್ತದೆಯೆ?

ಅರ್ಧ ಸಿಗುತ್ತದೆ. ಭಾರತೀಯರು ಹೆಚ್ಚಾಗಿರುವ ಊರಿನ ಮಳಿಗೆಗಳಲ್ಲಿ ಬಾಸ್ಮತಿ ಅಕ್ಕಿ, ಗೋಧಿ ಹಿಟ್ಟು ಕಂಡಿದ್ದೇನೆ. ಈರುಳ್ಳಿ, ಟೊಮೆಟೊ, ಆಲೂಗಡ್ಡೆ, ಹಾಲು, ಮೊಸರು, ಗೋಡಂಬಿ, ದ್ರಾಕ್ಷಿ ಧಾರಾಳ. ಜೋಳದ ಹಿಟ್ಟು ಕೇಳಬೇಡಿ. ಗುರೆಳ್ಳು, ಪುಟಾಣಿ, ಬ್ಯಾಡಗಿ ಮೆಣಸಿನಕಾಯಿ ಕನಸಿನಲ್ಲೂ ಇಲ್ಲ. ಶೇಂಗಾ ಇದೆ, ಆದರೆ ಹುರಿದು ಉಪ್ಪು ಹಾಕಿದ್ದು. ಅದರಿಂದ ಚಟ್ನಿ ಪುಡಿ ಕುಟ್ಟಲು ಹೋಗಿ ನನ್ನ ಮಡದಿ ಎರಡು ದಿನ ಮಾತು ಬಿಟ್ಟಿದ್ದಳು. ಇವೆಲ್ಲಕ್ಕೂ ಇಂಡಿಯನ್ ಅಂಗಡಿಯೇ ಗತಿ.

ಆದರೆ ಒಂದು ವಸ್ತುವಿಗಾಗಿಯೇ ನಮ್ಮವರು ಕಾರ್ಡು ಮಾಡಿಸುತ್ತಾರೆ: ಬೆಣ್ಣೆ. ಕರ್ಕ್‌ಲ್ಯಾಂಡ್ ಸಿಗ್ನೇಚರ್ ಎಂಬುದು ಕಾಸ್ಟ್‌ಕೋದ ಸ್ವಂತ ಹೆಸರು. ಕಂಪನಿಯ ಮುಖ್ಯ ಕಚೇರಿ ಹಿಂದೆ ಇದ್ದ ಊರಿನ ಹೆಸರನ್ನೇ 1995ರಲ್ಲಿ ಸರಕಿಗೆ ಇಟ್ಟರು. ಆ ಹೆಸರಿನ ಉಪ್ಪಿಲ್ಲದ ಬೆಣ್ಣೆ ಒಂದು ಪೌಂಡಿನ ನಾಲ್ಕು ಪೊಟ್ಟಣವಾಗಿ ಸಿಗುತ್ತದೆ, ಒಟ್ಟು 1.8 ಕಿಲೋ. ಕಾಯಿಸಿದರೆ ಹೆಚ್ಚುಕಡಿಮೆ 1.4 ಕಿಲೋ ತುಪ್ಪ ಇಳಿಯುತ್ತದೆ. ಪೊಟ್ಟಣದ ಬಣ್ಣ ನೋಡಿ ಅವಸರದಲ್ಲಿ ಉಪ್ಪಿನದನ್ನು ಎತ್ತಿಕೊಳ್ಳಬೇಡಿ, ಪಕ್ಕದಲ್ಲೇ ಇಟ್ಟಿರುತ್ತಾರೆ.

ಅಲ್ಲಿಯ ಬೆಣ್ಣೆ ಸಿಹಿ ಕೆನೆಯಿಂದ ಬರುತ್ತದೆ, ನಮ್ಮಂತೆ ಮೊಸರು ಕಡೆದು ತೆಗೆದದ್ದಲ್ಲ. ಹಾಗಾಗಿ ತುಪ್ಪಕ್ಕೆ ಬಣ್ಣ ಬರುತ್ತದೆ, ಮೂಗು ಅರಳಿಸುವ ಆ ಘಮ ಅಷ್ಟಾಗಿ ಬರುವುದಿಲ್ಲ. ಮಡದಿ ಕಂಡುಕೊಂಡ ಉಪಾಯ ಇದು: ಬೆಣ್ಣೆಯನ್ನು ರಾತ್ರಿ ಹೊರಗಿಟ್ಟು ಮೆತ್ತಗಾದ ಮೇಲೆ ಎರಡು ಚಮಚ ಹುಳಿ ಮೊಸರು ಬೆರೆಸಿ ಮುಚ್ಚಿಡುವುದು. ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಟ್ಟರೆ ಮೊದಲು ಬಿಳಿ ನೊರೆ, ಆಮೇಲೆ ಚಟಪಟ ಸದ್ದು. ಸದ್ದು ನಿಂತು, ತಳದ ಗಸಿ ಬೆಲ್ಲದ ಬಣ್ಣಕ್ಕೆ ತಿರುಗುವ ಹೊತ್ತಿಗೆ ಇಳಿಸಬೇಕು. ವೀಳ್ಯದೆಲೆ ಸಿಗದೆ ಕರಿಬೇವು ಹಾಕಿದೆವು. ಕಿಟಕಿ ತೆರೆದು, ಒಲೆಯ ಮೇಲಿನ ಫ್ಯಾನು ಹಚ್ಚಿಯೇ ಇದನ್ನು ಮಾಡಿ. ಅಲ್ಲಿ ಚಾವಣಿಯಲ್ಲಿ ಹೊಗೆಯ ಗಂಟೆ ಇರುತ್ತದೆ. ಅದು ಹೊಡೆದುಕೊಂಡಾಗ ಪಕ್ಕದ ಮನೆಯವರು ಓಡಿ ಬಂದರು. ಬಂದವರಿಗೆ ಚಪಾತಿಗೆ ತುಪ್ಪ ಸವರಿ ಕೊಟ್ಟು ಕಳಿಸಿದೆವು.

ಸಸ್ಯಾಹಾರಿಗಳಿಗೆ ತಿನ್ನಲು ಏನಾದರೂ ಇದೆಯೆ?

ಮಳಿಗೆಯದೇ ತಿಂಡಿಯ ಕೌಂಟರಿನಲ್ಲಿ ಚೀಸ್ ಪಿಜ್ಜಾದ ಒಂದು ತುಂಡು, ಐಸ್‌ಕ್ರೀಂ ಸಿಗುತ್ತವೆ. ಹಾಟ್ ಡಾಗ್ ಮತ್ತು ಸೋಡಾ ಒಂದೂವರೆ ಡಾಲರ್ ಎಂಬ ಬೋರ್ಡು 1980ರ ದಶಕದಿಂದ ಬದಲಾಗಿಲ್ಲ. ನಾಲ್ಕು ದಶಕ ಒಂದೇ ದರ! ಚಹದ ಅಂಗಡಿಯವರಿಗೆ ಹೇಳಿದರೆ ನಂಬುವುದಿಲ್ಲ. ಆದರೆ ಅದು ಮಾಂಸದ್ದು, ಹೆಸರು ಕೇಳಿ ಮೋಸಹೋಗಬೇಡಿ. ಅಲ್ಲಲ್ಲಿ ರುಚಿ ನೋಡಲು ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ, ಏನೆಂದು ಕೇಳಿಯೇ ಬಾಯಿಗೆ ಹಾಕಿಕೊಳ್ಳಿ.

ಹೊರಗೆ ಬರುವಾಗ ರಸೀದಿ ತಪಾಸಣೆ ಮಾಡುತ್ತಾರಂತೆ. ನಮ್ಮ ಮೇಲೆ ಸಂಶಯವೆ?

ಎಲ್ಲರಿಗೂ ಅದೇ. ಗಂಜ್‌ನ ಗೇಟಿನಲ್ಲಿ ಲಾರಿಯ ಚೀಟಿ ನೋಡುವ ಹಾಗೆ. ತಳ್ಳುಗಾಡಿಯ ಮೇಲೆ ಕಣ್ಣಾಡಿಸಿ ರಸೀದಿಗೆ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ. ಮಕ್ಕಳಿದ್ದರೆ ರಸೀದಿಯ ಹಿಂದೆ ನಗುವ ಮುಖ ಬರೆದುಕೊಡುತ್ತಾರೆ. ಒಂದೇ ಸಾಮಾನನ್ನು ಎರಡು ಸಲ ಬಿಲ್ಲಿಗೆ ಹಾಕಿದ್ದನ್ನು ಅಲ್ಲಿ ಹಿಡಿದು ಹಣ ವಾಪಸ್ ಕೊಡಿಸುವುದೂ ಉಂಟು. ಅಂದ ಹಾಗೆ ಕೈಚೀಲ ಕೊಡುವುದಿಲ್ಲ, ಖಾಲಿ ರಟ್ಟಿನ ಪೆಟ್ಟಿಗೆಗಳಿರುತ್ತವೆ. ಮನೆಯಿಂದಲೇ ಚೀಲ ಒಯ್ಯಿರಿ.

ಬಳಸಿದ ವಸ್ತುವನ್ನೂ ವಾಪಸ್ ತೆಗೆದುಕೊಳ್ಳುತ್ತಾರೆಂದರೆ ನಿಜವೆ?

ನಿಜ. ಟಿವಿ, ಕಂಪ್ಯೂಟರ್, ಮೊಬೈಲ್‌ನಂಥ ವಿದ್ಯುನ್ಮಾನ ವಸ್ತುಗಳಿಗೆ 90 ದಿನ. ಉಳಿದ ಬಹುಪಾಲು ಸರಕಿಗೆ ಇಷ್ಟೇ ದಿನ ಎಂಬ ಗಡುವಿಲ್ಲ. ಕಾರ್ಡು ಬೇಡ ಎನಿಸಿದರೆ ಅದರ ಶುಲ್ಕವನ್ನೂ ಮರಳಿಸುತ್ತಾರೆ. ನಮ್ಮ ಗೋಡೆಯ ಮೇಲಿನ ‘ಮಾರಿದ ಮಾಲು ವಾಪಸ್ ಇಲ್ಲ’ ಬೋರ್ಡು ನೆನಪಾಗಿ ನಾಚಿಕೆಯಾಯಿತು, ಒಪ್ಪುತ್ತೇನೆ. ಹಾಗೆಂದು ಆರು ತಿಂಗಳು ಮಲಗಿದ ಹಾಸಿಗೆಯನ್ನು ಊರಿಗೆ ಹೊರಡುವ ಹಿಂದಿನ ದಿನ ಮರಳಿಸುವ ಜಾಣತನವನ್ನು ನಮ್ಮವರಲ್ಲಿ ಕೆಲವರು ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಂಥ ಗಿರಾಕಿಯನ್ನು ನಾನು ಗಲ್ಲಾದಿಂದಲೇ ಗುರುತಿಸಿದ್ದೇನೆ.

ಊರಿಗೆ ಬರುವಾಗ ಅಲ್ಲಿಂದ ಏನು ತರಬೇಕು?

ಬಾದಾಮಿ ಎಂದು ಎಲ್ಲರೂ ಹೇಳುತ್ತಾರೆ. ಮೂರು ಪೌಂಡಿನ, ಅಂದರೆ 1.36 ಕಿಲೋ ಚೀಲ. ಕ್ಯಾಲಿಫೋರ್ನಿಯಾದ ಬಾದಾಮಿ ನಮ್ಮ ಗಂಜ್‌ನಲ್ಲೂ ಸಿಗುತ್ತದೆ. ಆದರೂ ಬೀಗರಿಗೆ, ನೆರೆಯವರಿಗೆ ಹಂಚಲು ಅಮೆರಿಕದ ಚೀಲವೇ ಬೇಕು.

ಅಕ್ರೋಟಿನ ವಿಷಯದಲ್ಲಿ ನಾನು ಕೆಟ್ಟೆ. ಅಗ್ಗ ಸಿಕ್ಕಿತೆಂದು ನಾಲ್ಕು ಚೀಲ ಕೊಂಡು, ಬಟ್ಟೆ ಬಿಟ್ಟು ಪೆಟ್ಟಿಗೆಗೆ ತುಂಬಿದೆ. ಬಂದಿಳಿದದ್ದು ಏಪ್ರಿಲ್ ಕೊನೆಗೆ. ರಾಯಚೂರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಚೀಲ ಬಿಚ್ಚಿ ಡಬ್ಬಿಗೆ ಸುರಿದು ಅಟ್ಟದ ಮೇಲಿಟ್ಟೆವು. ಮೂರು ವಾರದಲ್ಲಿ ಕಮಟು ಹಿಡಿಯಿತು. ಒಂದು ಚೂರು ಬಾಯಿಗಿಟ್ಟರೆ ಹಳೆಯ ಎಣ್ಣೆಯ ಒಗರು ಗಂಟಲಿನವರೆಗೆ. ಮೂವತ್ತೆರಡು ವರ್ಷ ಎಣ್ಣೆಕಾಳು ಮಾರಿದವನಿಗೆ ಇಷ್ಟು ತಿಳಿಯದೇ ಹೋಯಿತೆ ಎಂದು ಮಗ ಇನ್ನೂ ಕೇಳುತ್ತಾನೆ. ತಂದರೆ ಫ್ರಿಜ್ಜಿನಲ್ಲಿಡಿ. ಎಲ್ಲಕ್ಕಿಂತ ಮೊದಲು ವಿಮಾನದ ಪೆಟ್ಟಿಗೆಯ ತೂಕ ನೋಡಿಕೊಳ್ಳಿ, ಸಾಮಾನ್ಯವಾಗಿ ಒಂದಕ್ಕೆ 23 ಕಿಲೋ ಮಿತಿ.

## ದೇಶ ಬದಲಾದರೆ

ಅಮೆರಿಕದಲ್ಲಿ ಮಾಡಿಸಿದ ಕಾರ್ಡು ಜಪಾನಿನಲ್ಲೋ ಇಂಗ್ಲೆಂಡಿನಲ್ಲೋ ನಡೆಯುತ್ತದೆಯೆ?

ಕಾಸ್ಟ್‌ಕೋದ ಕಾರ್ಡು ಅದರ ಎಲ್ಲ ದೇಶದ ಮಳಿಗೆಗಳಲ್ಲೂ ನಡೆಯುತ್ತದೆ. ಕೆನಡಾ, ಮೆಕ್ಸಿಕೊ, ಬ್ರಿಟನ್, ಜಪಾನ್, ದಕ್ಷಿಣ ಕೊರಿಯಾ, ತೈವಾನ್, ಚೀನಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸ್ಪೇನ್, ಫ್ರಾನ್ಸ್, ಸ್ವೀಡನ್, ಐಸ್‌ಲೆಂಡ್‌ಗಳಲ್ಲಿ ಅಂಗಡಿಗಳಿವೆ.

ಸಿಕ್ಕಿಬೀಳುವುದು ಹಣ ಕಟ್ಟುವಲ್ಲಿ. ಅಮೆರಿಕದ ಮಳಿಗೆಯಲ್ಲಿ ಕ್ರೆಡಿಟ್ ಕಾರ್ಡು ಎಂದರೆ ವೀಸಾ ಮಾತ್ರ. ಗಡಿ ದಾಟಿ ಕೆನಡಾಕ್ಕೆ ಹೋದರೆ ಮಾಸ್ಟರ್‌ಕಾರ್ಡ್ ಮಾತ್ರ, ಜಪಾನಿನಲ್ಲೂ ಮಾಸ್ಟರ್‌ಕಾರ್ಡ್. ಕೊರಿಯಾದಲ್ಲಿ ಅಲ್ಲಿಯದೇ ಹ್ಯುಂಡೈ ಕಾರ್ಡ್. ಒಂದೊಂದು ದೇಶದಲ್ಲಿ ಒಂದೊಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಕಮಿಷನ್ ಇಳಿಸಿಕೊಂಡಿದ್ದಾರೆ. ಇಲ್ಲಿಂದ ಒಯ್ದ ರುಪೇ ಕಾರ್ಡನ್ನು ನಂಬಿ ತಳ್ಳುಗಾಡಿ ತುಂಬಬೇಡಿ. ಜಪಾನಿನಲ್ಲಿ ನಾನು ನೋಟು ಎಣಿಸಿಯೇ ಕೊಟ್ಟೆ, ಯಾರೂ ಹುಬ್ಬೇರಿಸಲಿಲ್ಲ.

ಬ್ರಿಟನ್ನಿನಲ್ಲಿ ಬೇಕೆಂದವರಿಗೆಲ್ಲ ಕಾರ್ಡು ಕೊಡುವುದಿಲ್ಲವಂತೆ, ಯಾಕೆ?

ಇದರ ಹಿಂದೆ ಒಂದು ಸೊಗಸಾದ ವ್ಯಾಜ್ಯವಿದೆ. ಅಲ್ಲಿ ಮೊದಲ ಕಾಸ್ಟ್‌ಕೋ 1993ರಲ್ಲಿ ಲಂಡನ್ ಹತ್ತಿರದ ಥರಕ್‌ನಲ್ಲಿ ಬಂತು. ಚಿಲ್ಲರೆ ಅಂಗಡಿಗೆ ಬೇಕಾದ ಪರವಾನಗಿ ಇದಕ್ಕಿಲ್ಲ ಎಂದು ದೊಡ್ಡ ಸೂಪರ್ ಮಾರ್ಕೆಟ್‌ಗಳೇ ಕೋರ್ಟಿಗೆ ಹೋದವು. ಇದು ಸಾರ್ವಜನಿಕರೆಲ್ಲರಿಗೂ ತೆರೆದ ಅಂಗಡಿಯಲ್ಲ, ಆಯ್ದ ಸದಸ್ಯರಿಗೆ ಮಾತ್ರ ಎಂಬ ಕಾರಣಕ್ಕೆ ಪರವಾನಗಿ ಉಳಿಯಿತು. ಅಂದಿನಿಂದ ಆ ಆಯ್ಕೆಯ ನಿಯಮ ಅಲ್ಲಿ ಉಳಿದುಕೊಂಡಿದೆ. ಸ್ವಂತ ವ್ಯವಹಾರ ಇದ್ದವರು, ಇಲ್ಲವೇ ಆರೋಗ್ಯ ಸೇವೆ, ಶಿಕ್ಷಣ, ಬ್ಯಾಂಕು, ಪೊಲೀಸ್, ಅಗ್ನಿಶಾಮಕ, ಸರ್ಕಾರಿ ನೌಕರಿಯಂಥ ವೃತ್ತಿಯವರು ಅರ್ಹರು. ನಮ್ಮ ಕಡೆಯಿಂದ ಹೋದ ನರ್ಸುಗಳಿಗೆ ಸುಲಭ, ಓದಲು ಹೋದ ವಿದ್ಯಾರ್ಥಿಗೆ ಕಷ್ಟ.

ಅಲ್ಲಿ ದರದ ಚೀಟಿಯಲ್ಲಿ ತೆರಿಗೆ ಬಿಟ್ಟ ಬೆಲೆ, ತೆರಿಗೆ ಸೇರಿದ ಬೆಲೆ ಎರಡೂ ಇರುತ್ತವೆ. ತೆರಿಗೆ ಬೀಳುವ ಸರಕಿಗೆ ಹೆಚ್ಚಾಗಿ ನಡುವೆ ಸೇಕಡಾ 20ರ ಅಂತರ. ಕಣ್ಣಿಗೆ ಬೀಳುವ ಸಣ್ಣ ಸಂಖ್ಯೆಗೆ ಮರುಳಾಗಬೇಡಿ.

ಜಪಾನಿನಲ್ಲಿ ಗೂಡಿನಷ್ಟು ಮನೆಗಳು. ಅಷ್ಟು ದೊಡ್ಡ ಪೊಟ್ಟಣ ಯಾರು ಕೊಳ್ಳುತ್ತಾರೆ?

ನನಗೂ ಇದೇ ಕುತೂಹಲವಿತ್ತು. ಅಲ್ಲಿ 1999ರಿಂದ ಅಂಗಡಿ ಇದೆ, ‘ಕೊಸುತೊಕೊ’ ಎನ್ನುತ್ತಾರೆ. ಇಬ್ಬರು ಮೂವರು ಗೆಳತಿಯರು ಒಂದೇ ಕಾರಿನಲ್ಲಿ ಬಂದು, ಕೊಂಡದ್ದನ್ನು ಹಂಚಿಕೊಳ್ಳುತ್ತಾರೆ. ಅದಕ್ಕಿಂತ ಚೆಂದದ್ದು ಮರುಮಾರಾಟದ ಅಂಗಡಿಗಳು. ಯಾರೋ ಕಾರ್ಡಿದ್ದವರು ಸರಕನ್ನು ತಂದು, ಊರೊಳಗಿನ ಪುಟ್ಟ ಅಂಗಡಿಯಲ್ಲಿ ಎರಡು ಬ್ರೆಡ್ಡು, ನಾಲ್ಕು ಕೇಕು ಎಂದು ಬಿಡಿಬಿಡಿಯಾಗಿ, ಸ್ವಲ್ಪ ಲಾಭ ಇಟ್ಟು ಮಾರುತ್ತಾರೆ. ತಂಗಿಯ ಮಗ ಇದನ್ನು ಹೊಸ ಅದ್ಭುತ ಎಂಬಂತೆ ತೋರಿಸಿದ. ‘ಇದನ್ನೇ ನಿನ್ನ ಮಾವ ಜೀವಮಾನವಿಡೀ ಮಾಡಿದ್ದು’ ಎಂದೆ.

ಚೀನಾದಲ್ಲಿ ಸ್ಯಾಮ್ಸ್ ಕ್ಲಬ್ 1996ರಿಂದಲೇ ಇದೆ, ಕಾಸ್ಟ್‌ಕೋ ಬಂದದ್ದು 2019ರ ಆಗಸ್ಟ್‌ನಲ್ಲಿ. ಶಾಂಘೈನ ಆ ಮೊದಲ ಮಳಿಗೆಯನ್ನು ಉದ್ಘಾಟನೆಯ ದಿನವೇ ಜನಜಾತ್ರೆ ತಾಳಲಾರದೆ ಬೇಗ ಮುಚ್ಚಬೇಕಾಯಿತು. ಕೊರಿಯನ್ನರು ಹಾಟ್ ಡಾಗ್ ಜೊತೆ ಪುಕ್ಕಟೆ ಕೊಡುವ ಹೆಚ್ಚಿದ ಈರುಳ್ಳಿಯನ್ನು ತಟ್ಟೆ ತುಂಬ ಪೇರಿಸಿ, ಕೆಚಪ್ ಕಲಸಿ ತಿನ್ನುತ್ತಿದ್ದರೆಂಬುದು ಅಲ್ಲಿ ದೊಡ್ಡ ಚರ್ಚೆಯಾಗಿತ್ತು. ಪುಕ್ಕಟೆ ಈರುಳ್ಳಿ ಎಂದರೆ ನಾವೇನು ಕಡಿಮೆ!

ನಮ್ಮ ದೇಶದಲ್ಲಿ ಇಂಥದ್ದು ಯಾಕಿಲ್ಲ?

ಅರ್ಧ ಇದೆ. ಜರ್ಮನಿಯ ಮೆಟ್ರೊ 2003ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲೇ. ವಾಲ್‌ಮಾರ್ಟ್ 2009ರಲ್ಲಿ ಅಮೃತಸರದಲ್ಲಿ ಶುರುಮಾಡಿತು. ಎರಡೂ ಸಗಟು ಮಳಿಗೆಗಳೇ, ಕಾರ್ಡೂ ಬೇಕಿತ್ತು. ಆದರೆ ಅದು ವ್ಯಾಪಾರಿಗೆ ಕೊಡುತ್ತಿದ್ದ ಕಾರ್ಡು: ಜಿಎಸ್‌ಟಿ ನೋಂದಣಿಯೋ ಅಂಗಡಿಯ ಪರವಾನಗಿಯೋ ತೋರಿಸಬೇಕಿತ್ತು. ಮನೆಗೆಂದು ಕೊಳ್ಳುವವರಿಗೆ ಅಲ್ಲ.

ಕಾರಣ ವಿದೇಶಿ ಬಂಡವಾಳದ ನಿಯಮ. ಸಗಟು ವ್ಯಾಪಾರದಲ್ಲಿ ವಿದೇಶಿ ಕಂಪನಿ ಪೂರ್ತಿ ಹಣ ಹೂಡಬಹುದು. ಹಲವು ಬ್ರಾಂಡುಗಳ ಚಿಲ್ಲರೆ ಅಂಗಡಿಗೆ 2012ರಲ್ಲಿ ಸೇಕಡಾ 51ರವರೆಗೆ ಮಾತ್ರ ಬಾಗಿಲು ತೆರೆದರು, ಅದೂ ರಾಜ್ಯ ಸರ್ಕಾರ ಒಪ್ಪಿದರೆ, ಹಲವು ಷರತ್ತುಗಳ ಜೊತೆ. ಆಮೇಲೆ ವಾಲ್‌ಮಾರ್ಟಿನ ಸಗಟು ಮಳಿಗೆಗಳು 2020ರಲ್ಲಿ ಫ್ಲಿಪ್‌ಕಾರ್ಟ್ ಕೈಸೇರಿದವು. ಮೆಟ್ರೊದ ಭಾರತದ ವ್ಯವಹಾರವನ್ನು ರಿಲಯನ್ಸ್ 2,850 ಕೋಟಿ ರೂಪಾಯಿಗೆ ಕೊಂಡಿತು, 2023ರಲ್ಲಿ ಅದು ಪೂರ್ಣಗೊಂಡಿತು.

## ಲೆಕ್ಕ ಹಾಕುವವರಿಗೆ

65 ಡಾಲರಿನ ಕಾರ್ಡೋ, 130 ಡಾಲರಿನದೋ?

ಅಮೆರಿಕದ ಕಾಸ್ಟ್‌ಕೋದಲ್ಲಿ 2024ರ ಸೆಪ್ಟೆಂಬರಿನಿಂದ ಈ ದರ. ದೊಡ್ಡ ಕಾರ್ಡಿಗೆ ವರ್ಷದ ಖರೀದಿಯ ಮೇಲೆ ಸೇಕಡಾ 2 ವಾಪಸ್ ಬರುತ್ತದೆ. ಹೆಚ್ಚಿಗೆ ಕೊಟ್ಟ 65 ಡಾಲರ್ ಮರಳಬೇಕಾದರೆ ವರ್ಷಕ್ಕೆ 3,250 ಡಾಲರ್, ಅಂದರೆ ತಿಂಗಳಿಗೆ 271 ಡಾಲರ್ ಖರೀದಿ ಆಗಬೇಕು. ಪೆಟ್ರೋಲ್ ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳಿರುವ ಸಂಸಾರಕ್ಕೆ ದೊಡ್ಡದು ಸರಿ. ಗಂಡ ಹೆಂಡತಿ ಇಬ್ಬರೇ ಇದ್ದರೆ ಚಿಕ್ಕದು ಸಾಕು. ಒಬ್ಬನೇ ಇರುವ ವಿದ್ಯಾರ್ಥಿಗೆ ಎರಡೂ ಬೇಡ, ಕಾರ್ಡಿರುವ ಒಬ್ಬ ಗೆಳೆಯ ಸಾಕು.

ಅಗ್ಗವೆಂದು ತಂದದ್ದರಲ್ಲಿ ಅರ್ಧ ಹಾಳಾಗುತ್ತದೆ. ಏನು ಮಾಡಬೇಕು?

ಹಾಳಾದ ಅರ್ಧವನ್ನು ದರಕ್ಕೆ ಸೇರಿಸಿ ಲೆಕ್ಕ ಹಾಕಿ. ಕಿಲೋಗೆ ಮೂರು ಡಾಲರಿನ ಪಾಲಕ್ ಅರ್ಧ ಕೊಳೆತರೆ ನೀವು ತಿಂದದ್ದು ಆರು ಡಾಲರಿನ ಪಾಲಕ್. ಕಿರಾಣಿಯಲ್ಲಿ ನಮಗೆ ಇದು ಮೊದಲ ಪಾಠ, ಇಲಿ ತಿಂದ ಚೀಲವೂ ಕೊಂಡ ಚೀಲವೇ.

ಒಣ ಸಾಮಾನು, ಸೋಪು, ಎಣ್ಣೆ, ಕಾಗದ, ಡೈಪರ್, ಬೆಣ್ಣೆ (ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ) ಕಣ್ಣು ಮುಚ್ಚಿ ತರಬಹುದು. ಸೊಪ್ಪು, ಹಣ್ಣು, ಮಸಾಲೆ ಪುಡಿ ಇವನ್ನು ಎರಡು ಮನೆಯವರು ಸೇರಿ ತಂದು ಹಂಚಿಕೊಳ್ಳಿ. ಮಸಾಲೆಯ ದೊಡ್ಡ ಡಬ್ಬಿ ಖಾಲಿಯಾಗುವ ಮೊದಲೇ ಅದರ ವಾಸನೆ ಖಾಲಿಯಾಗಿರುತ್ತದೆ.

ದರದ ಚೀಟಿಯಲ್ಲಿ ಗುಪ್ತ ಗುರುತುಗಳಿವೆಯಂತೆ?

ಹಳೆಯ ಗಿರಾಕಿಗಳು ಕಂಡುಕೊಂಡದ್ದು. ಅಮೆರಿಕದ ಕಾಸ್ಟ್‌ಕೋದಲ್ಲಿ ಬೆಲೆ 97 ಸೆಂಟಿನಲ್ಲಿ ಕೊನೆಗೊಂಡರೆ ಅದು ದರ ಇಳಿಸಿ ಖಾಲಿ ಮಾಡುತ್ತಿರುವ ಮಾಲು. ಚೀಟಿಯ ಬಲ ಮೇಲ್ತುದಿಯಲ್ಲಿ ನಕ್ಷತ್ರದ ಗುರುತಿದ್ದರೆ ಮತ್ತೆ ತರಿಸುವುದಿಲ್ಲ ಎಂದರ್ಥ. ನಾವೂ ಡಬ್ಬಿಯ ಕೆಳಗೆ ಅಸಲು ದರವನ್ನು ಅಕ್ಷರಗಳಲ್ಲಿ ಬರೆದಿಡುತ್ತಿದ್ದೆವು. ಆ ಅಕ್ಷರ ಯಾವುವೆಂದು ಇಲ್ಲಿ ಹೇಳುವುದಿಲ್ಲ.

ಇಂಥದೊಂದು ಬಳ್ಳಾರಿಗೋ ರಾಯಚೂರಿಗೋ ಬಂದರೆ ನಾವು ಬಾಗಿಲು ಹಾಕಿಕೊಳ್ಳಬೇಕೆ, ಕಾಕಾ?

ಕೊಪ್ಪಳದ ಒಬ್ಬ ಹುಡುಗ ಈ ಪ್ರಶ್ನೆ ಕೇಳಿದ. ಅಪ್ಪನ ಅಂಗಡಿಗೆ ಹೊಸದಾಗಿ ಕುಳಿತವನು, ಮುಖದಲ್ಲಿ ಗಾಬರಿ ಇತ್ತು.

ಸುಳ್ಳು ಸಮಾಧಾನ ಹೇಳುವುದಿಲ್ಲ. ಸಂಬಳದ ಗಿರಾಕಿ, ಕಾರಿರುವ ಗಿರಾಕಿ ಹೋಗುತ್ತಾನೆ. ದೊಡ್ಡ ಸೂಪರ್ ಮಾರ್ಕೆಟ್‌ಗಳು ಬಂದ ಮೇಲೆ ನಮ್ಮ ಅಂಗಡಿಯಲ್ಲಿ ಎಣ್ಣೆಯ ಡಬ್ಬಿ, ಸೋಪಿನ ಪೊಟ್ಟಣ ಹೋಗುವುದು ಈಗಾಗಲೇ ಅರ್ಧಕ್ಕೆ ಇಳಿದಿದೆ. ಅದನ್ನು ಮರಳಿ ಪಡೆಯುತ್ತೇನೆ ಎಂದು ದರ ಇಳಿಸುತ್ತ ಹೋದರೆ ಉಳಿಯುವುದು ಗೋಣಿಚೀಲ ಮಾತ್ರ.

ಆದರೆ ಆ ಅಂಗಡಿ ನಡೆಯಲು ಗಿರಾಕಿಯ ಹತ್ತಿರ ಮೂರು ಇರಬೇಕು: ಕಾರು, ಸಾಮಾನಿಡಲು ಕೋಣೆ, ವರ್ಷದ ಮೊದಲೇ ಕೊಡಲು ರೊಕ್ಕ. ನಮ್ಮ ಸೀಮೆಯಲ್ಲಿ ರೊಕ್ಕ ಬರುವುದು ಭತ್ತ ಕೊಯ್ದ ಮೇಲೆ, ಹತ್ತಿ ಗಂಜ್‌ಗೆ ಹೋದ ಮೇಲೆ. ಅಲ್ಲಿಯವರೆಗೆ ಮನೆ ನಡೆಯುವುದು ಉದ್ರಿಯಲ್ಲಿ. ಅಮೆರಿಕದಲ್ಲಿ ಗಿರಾಕಿ ಅಂಗಡಿಗೆ ಮುಂಗಡ ಕೊಡುತ್ತಾನೆ, ಇಲ್ಲಿ ಅಂಗಡಿ ಗಿರಾಕಿಗೆ ಮುಂಗಡ ಕೊಡುತ್ತದೆ. ನನ್ನ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಇರುವವರೇ ನನ್ನ ಸದಸ್ಯರು. ಶುಲ್ಕ ಮಾತ್ರ ಉಲ್ಟಾ. ಮುಳುಗಿದ ಬಾಕಿಯೂ ಇದೆ, ಅದನ್ನು ಮರೆಮಾಚಲಾರೆ. ಆ ಪುಸ್ತಕವನ್ನು ಸರಿಯಾಗಿ ಇಡಲು ಕಲಿ, ಯಾರಿಗೆ ಎಷ್ಟರ ಮೇಲೆ ಇಲ್ಲ ಎನ್ನಬೇಕೆಂದು ಅಪ್ಪನಿಂದ ಕೇಳಿ ತಿಳಿದುಕೋ ಎಂದು ಹುಡುಗನಿಗೆ ಹೇಳಿದೆ.

ನಮ್ಮ ಓಣಿಯ ಮೇಷ್ಟ್ರು ತಿಂಗಳ ಸಾಮಾನನ್ನೆಲ್ಲ ಸೂಪರ್ ಮಾರ್ಕೆಟ್‌ನಿಂದಲೇ ತರುತ್ತಾರೆ. ಕಾರಿನಿಂದ ಇಳಿಸುವಾಗ ನನ್ನ ಕಡೆ ನೋಡುವುದಿಲ್ಲ, ನಾನೂ ನೋಡದ ಹಾಗೆ ಇರುತ್ತೇನೆ. ಮೊನ್ನೆ ರಾತ್ರಿ ಒಂಬತ್ತೂವರೆಗೆ, ಅರ್ಧ ಷಟರ್ ಎಳೆದಿದ್ದಾಗ ಅವರ ಮಗ ಓಡಿ ಬಂದ. ಹತ್ತು ರೂಪಾಯಿಯ ಸಾಸಿವೆ, ಒಲೆಯ ಮೇಲೆ ಎಣ್ಣೆ ಕಾಯುತ್ತಿದೆಯಂತೆ. ಕಿಸೆಯಲ್ಲಿ ರೊಕ್ಕ ಇರಲಿಲ್ಲ. ಮಗ ಖಾತೆ ಪುಸ್ತಕ ತೆಗೆದ.